ಬೀಗರ ತಾಟಿಗೆ ಬಂದ ಹಂದಿಯ ಕಾಲು

ಭಾನುವಾರ, ಮಧ್ಯಾಹ್ನ ಒಂದು ಗಂಟೆ, ಮಸ್ಕಿಯ ನಮ್ಮ ಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ನಮ್ಮ ಮೊಮ್ಮಗಳು. ಅವಳನ್ನು ನೋಡಲು ಲಿಂಗಸುಗೂರಿನಿಂದ ಬಂದ ಹುಡುಗ, ಅವನ ತಾಯಿ, ಮುದಗಲ್ಲಿನ ಅವನ ಸೋದರಮಾವ. ಮಾವ ಹೂಂ ಅಂದರೆ ಮದುವೆ, ಇಲ್ಲದಿದ್ದರೆ ಇಲ್ಲ. ಮೊಮ್ಮಗಳಿಗೆ ಹುಡುಗ ಮನಸ್ಸಿಗೆ ಬಂದಿದ್ದ.

ಅಡುಗೆ ಅವಳದೇ. ನರ್ಸಿಂಗ್ ಓದುವಾಗ ಜೊತೆಗಿದ್ದ ನಾಗಾಲ್ಯಾಂಡಿನ ಗೆಳತಿ, ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿಯ ಕಾಲು ಕಳಿಸಿದ್ದಳು. ಮಾಂಸ ನಾವು ಎಂದೋ ತಿಂದಾಗಿತ್ತು. ಉಳಿದದ್ದು ಎಲುಬು, ಅದಕ್ಕಂಟಿದ ಚಪ್ಪಲಿಯಂಥ ತೊಗಲು. ಹುಳಿಸೊಪ್ಪಿನ ಪುಂಡಿಪಲ್ಯ ಕುದಿಯುವಾಗ ಅದನ್ನು ಮುಳುಗಿಸಿ, ರುಚಿ ಇಳಿದ ಮೇಲೆ ತೆಗೆದಿಟ್ಟಿದ್ದಳು. ವಾಸನೆ ರಸ್ತೆಯವರೆಗೆ ಹೋಗಿತ್ತು.

ಹಂದಿ ಎರಡೂ ಮನೆಗಳಲ್ಲಿ ನಡೆಯುತ್ತದೆ. ತೊಡಕು ಬೇರೆ. ಬೀಗರ ತಾಟಿಗೆ ಮಾಂಸದ ತುಣುಕು ಬೀಳದಿದ್ದರೆ, ನಮ್ಮಲ್ಲಿ ಅದು ಕರೆದು ಅವಮಾನ ಮಾಡಿದಂತೆ. ಮಾವ ರೊಟ್ಟಿಯಿಂದ ಪಲ್ಯವನ್ನೆಲ್ಲ ಕೆದಕಿ ಕೈ ನಿಲ್ಲಿಸಿದರು.

"ಯಜಮಾನ್ರ, ವಾಸನಿ ನಮಗ, ತುಣುಕು ನಿಮಗೇನ್ರಿ?"

ಬಡಿಸುತ್ತಿದ್ದ ಮೊಮ್ಮಗಳು ಸೌಟು ಹಿಡಿದೇ ಅಡುಗೆಮನೆಗೆ ಸರಿದಳು. ನಾನು ಕಾಲನ್ನೇ ತಂದು ತೋರಿಸಿದೆ. ಮಾವ ಕಚ್ಚಿ ನೋಡಿದರು, ಆಗಲಿಲ್ಲ. ಹೆಂಡತಿ ಕೊಡಲಿ ತರಲೇ ಎಂದಳು. ಸಂಬಂಧದ ಮಾತು ನಡೆದಲ್ಲಿ ಕೊಡಲಿ ಬೇಡ ಎಂದೆ. ಹಾಸ್ಟೆಲ್ ವಾರ್ಡನ್ ಆಗಿದ್ದವನು ನಾನು. ಎಲ್ಲರಿಗೂ ಸಾಲದ್ದಕ್ಕೆ ಸರದಿ ಹಚ್ಚುವುದು ಗೊತ್ತು. ಕಾಲು ಒಬ್ಬೊಬ್ಬರ ತಾಟಿನಲ್ಲೂ ಕೂರುತ್ತದೆ, ಒಂದು ರೊಟ್ಟಿ ಮುಗಿದೊಡನೆ ಮುಂದಿನವರಿಗೆ ಹೋಗುತ್ತದೆ ಎಂದು ಸಾರಿದೆ.

ಮಾವ ಯೋಚಿಸಿ ತಾಟು ಮುಂದೆ ಸರಿಸಿದರು. "ನಡಿತೈತಿ. ಮೊದಲು ನನಗ."

ಕಾಲು ಬೇಗ ಹೋಗಬಾರದೆಂದು ಕೊನೆಯ ತುತ್ತನ್ನು ನಾಲ್ಕು ಮಾಡಿ ತಿಂದರು. ತಾಯಿಯ ತಾಟಿಗೆ ಬಂದಾಗ ಆಕೆ, ಹಿರಿಯರು ಒಳಗೆ ಬಂದಂತೆ, ಸೆರಗು ತಲೆಯ ಮೇಲೆ ಎಳೆದುಕೊಂಡರು. ಹುಡುಗ ಮಾತ್ರ ರೊಟ್ಟಿಯನ್ನು ಎರಡೇ ತುತ್ತಿಗೆ ಮುಗಿಸಿ, ಕಾಲು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲು ನೋಡಿದ.

"ಆಕಿ ತಾಟು ಎಲ್ಲೈತ್ರಿ? ಸರದಿ ಈಗ ಆಕಿದು."

ಬಡಿಸುವವರನ್ನು ನಾನು ಸರದಿಗೆ ಸೇರಿಸಿರಲಿಲ್ಲ. ಮಾವ ಅಳಿಯನನ್ನು ನೋಡಿದರು, ಕಾಲನ್ನು ನೋಡಿದರು.

"ತಾಟು ಹಚ್ರಿ ಆಕಿಗೆ. ಇನ್ನ ಆಕಿ ನಮ್ಮ ಮನಿ ಸೊಸಿ."

ಮೊಮ್ಮಗಳು ಬಂದು ಹುಡುಗನ ಎದುರು ಕೂತಳು. ಅವಳ ರೊಟ್ಟಿ ಮುಗಿಯುವವರೆಗೆ ಯಾರೂ ಏಳಲಿಲ್ಲ.

ಸಂಜೆಯ ಬಸ್ಸಿಗೆ ಬೀಗರನ್ನು ಹತ್ತಿಸಿ ಬಂದೆ. ಕಾಲನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ.