ಸಲೋಮಿ ಅಕ್ಕೋರ ಐತವಾರದ ಸಾಲಿ

ಕಥೆ ಹೇಳುವವರೆಲ್ಲ ದನಿ ಏರಿಸುವ ಜಾಗದಲ್ಲಿ ಸಲೋಮಿ ಅಕ್ಕೋರು ದನಿ ಇಳಿಸುತ್ತಿದ್ದರು. ಗೊಲ್ಯಾತ ಕತ್ತಿ ಹಿರಿದು ಬರುವಾಗ, ದಾನಿಯೇಲನನ್ನು ಸಿಂಹಗಳ ಗವಿಗೆ ತಳ್ಳುವಾಗ ಅವರ ಮಾತು ಬರೀ ಪಿಸುಗುಡುತ್ತಿತ್ತು. ಸರಿಯಾಗಿ ಕೇಳಿಸದ ನಾವು ಚಾಪೆಯ ಮೇಲೆ ಸರಿಯುತ್ತ ಸರಿಯುತ್ತ ಅವರ ಮೊಣಕಾಲಿನ ತನಕ ಹೋಗಿಬಿಡುತ್ತಿದ್ದೆವು. ಆಮೇಲೆ ಅವರು ಸುಮ್ಮನಾಗುತ್ತಿದ್ದರು. "ಮುಂದ ಏನಾತ್ರಿ?" ಎಂದು ಯಾರಾದರೂ ತಡೆಯಲಾರದೆ ಕೇಳುವವರೆಗೂ ಅವರ ಬಾಯಿ ತೆರೆಯುತ್ತಿರಲಿಲ್ಲ.

ಗೋವಾದ ಕೊರ್ತಾಲಿಮಿನಲ್ಲಿ, ಜುವಾರಿ ಹೊಳೆಯ ಸೇತುವೆಗೆ ಹೋಗುವ ರಸ್ತೆಯ ಬದಿಗೆ ಕನ್ನಡ ಕ್ರೈಸ್ತರು ಬಾಡಿಗೆಗೆ ಹಿಡಿದಿದ್ದ ತಗಡಿನ ಮಾಡಿನ ಹಾಲ್ ಒಂದಿತ್ತು. ಭಾನುವಾರ ಬೆಳಿಗ್ಗೆ ಅದು ದೊಡ್ಡವರ ಚರ್ಚು, ಮಧ್ಯಾಹ್ನ ಎರಡರಿಂದ ಐದರವರೆಗೆ ನಮ್ಮ ಸಾಲಿ. ಅಕ್ಕೋರು ಗದಗಿನ ಹತ್ತಿರದ ಬೆಟಗೇರಿಯವರು. ನಲವತ್ತೈದರ ಆಸುಪಾಸು, ದಪ್ಪ ಮೈ, ಮದುವೆಯಾಗಿರಲಿಲ್ಲ. ವಾರದ ಆರು ದಿನ ವೆರ್ಣಾದ ಗುಳಿಗೆ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸ. ಏಳನೆಯ ದಿನ ವಿಶ್ರಾಂತಿ ಎಂದು ನಮಗೆ ಬೈಬಲಿನಿಂದ ಕಲಿಸಿದವರೇ ಅವರು. ಆ ಏಳನೆಯ ದಿನ ಇಪ್ಪತ್ತೆರಡು ಮಕ್ಕಳನ್ನು ಕಟ್ಟಿಕೊಂಡು ಕೂತವರೂ ಅವರೇ.

ನಾವು ಕ್ರೈಸ್ತರಾಗಿರಲಿಲ್ಲ, ಹಣೆಗೆ ವಿಭೂತಿ ಹಚ್ಚುವವರು. ಅಪ್ಪ ಬಾಗಲಕೋಟೆ ಕಡೆಯ ಗೌಂಡಿ, ಗೋಡೆ ಕಟ್ಟುವವನು. ಅವ್ವ ಅವನಿಗೆ ಸಿಮೆಂಟಿನ ಬುಟ್ಟಿ ಹೊತ್ತು ಕೊಡುತ್ತಿದ್ದಳು. ಭಾನುವಾರವೂ ಅವರಿಗೆ ಕೆಲಸ. ಶೆಡ್ಡಿನ ಬಾಗಿಲಿಗೇ ಹೆದ್ದಾರಿ, ದಿನವಿಡೀ ಟ್ರಕ್ಕು. ನನಗೂ ಸಾವಿ ಎಂಬ ಆರು ವರ್ಷದ ತಂಗಿಗೂ ಕಾವಲಿಗೆ ಯಾರೂ ಇರಲಿಲ್ಲ. ಅದನ್ನು ನೋಡಿ ಅಕ್ಕೋರೇ ಒಂದು ದಿನ ಶೆಡ್ಡಿಗೆ ಬಂದು ಕೇಳಿದ್ದರು. ಅಪ್ಪ ಹೇಳಿದ: "ಕಥಿ ಹೇಳ್ರಿ, ಹಾಡ ಕಲಸ್ರಿ. ಆದ್ರ ನಮ್ಮ ಮಕ್ಳ ಹಣಿಮ್ಯಾಲಿನ ಇಬತ್ತಿ ಅಳಸಬಾರದು ನೋಡ್ರಿ."

"ಇಬತ್ತಿ ಹಚಗೊಂಡ ಬರ್ಲಿ ತಮ್ಮಾ," ಎಂದರು ಅಕ್ಕೋರು. "ಕಥಿ ಕಿವಿಲೆ ಕೇಳೂದು, ಹಣಿಲೆ ಅಲ್ಲ. ಐದಕ್ಕ ಮನಿ ಬಾಗಲಕ್ಕ ತಂದ ಬಿಡ್ತೇನಿ."

ಮಾತಿಗೆ ತಪ್ಪಲಿಲ್ಲ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಪ್ರತಿ ತಲೆಯನ್ನೂ ಮುಟ್ಟಿ ಎಣಿಸುತ್ತಿದ್ದರು. ನಮ್ಮ ಪ್ರಶ್ನೆಗಳಿಗೆ ಸಿಟ್ಟಾಗುತ್ತಿರಲಿಲ್ಲ. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದ ಯೋನ ಉಸಿರು ಹೇಗೆ ಆಡಿದ ಎಂದು ನಾನು ಕೇಳಿದ್ದಕ್ಕೆ, "ನಾ ಅಲ್ಲಿ ಇರಲಿಲ್ಲವ್ವಾ ನೀಲವ್ವ, ಇದ್ದಿದ್ರ ಕೇಳಿರ್ತಿದ್ದೆ" ಎಂದಿದ್ದರು.

ನನಗೆ ಹನ್ನೊಂದು ವರ್ಷವಾಗಿದ್ದಾಗ, ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಅವರು ಪೇತ್ರನ ಕಥೆ ಹೇಳಿದರು. ಯೇಸು ನೀರಿನ ಮೇಲೆ ನಡೆದು ಬರುತ್ತಾನೆ. ದೋಣಿಯಲ್ಲಿದ್ದ ಶಿಷ್ಯ ಪೇತ್ರ ತಾನೂ ಇಳಿದು ನಡೆಯುತ್ತಾನೆ. "ನಾಕ ಹೆಜ್ಜಿ ನಡದ. ಗಾಳಿ ಬಂತು. ಗಾಳಿ ನೋಡ್ದ, ಅಂಜಿದ. ಅಂಜಿದ ಕೂಡ್ಲೆ..." ಅಕ್ಕೋರ ದನಿ ಪೂರ್ತಿ ಇಳಿಯಿತು. "ಮುಳಗಾಕ ಹತ್ತಿದ."

ಕಥೆ ಮುಗಿದು ಚಹಾ ಬಿಸ್ಕೀಟಿನ ಹೊತ್ತು. ನಾನು ಬೈಬಲಿನ ವಚನ ಬಾಯಿಪಾಠ ಮಾಡುತ್ತಿದ್ದೆ. ತಪ್ಪಿಲ್ಲದೆ ಹೇಳಿದವರಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ಇತ್ತು, ಅದರ ಮೇಲೆ ನನ್ನ ಕಣ್ಣು. ಸಾವಿ ನನ್ನ ಲಂಗ ಜಗ್ಗುತ್ತ ಕೇಳಿದಳು: "ಅಕ್ಕಾ, ನಾವೂ ನೀರಿನ ಮ್ಯಾಲೆ ನಡೀಬಹುದೇನ?"

"ಅಂಜಲಿಲ್ಲಂದ್ರ ನಡೀಬಹುದು. ಹೋಗಿ ನೋಡು, ಹೋಗು," ಎಂದೆ. ಪೀಡೆ ತೊಲಗಲಿ ಎಂದು ಅಂದದ್ದು. ಅವಳು ಹೋದಳು.

ಐದಕ್ಕೆ ಐದು ನಿಮಿಷವಿದ್ದಾಗ ಅಕ್ಕೋರು ತಲೆ ಎಣಿಸಿದರು. ಇಪ್ಪತ್ತೊಂದು. ಇನ್ನೊಮ್ಮೆ ಎಣಿಸಿದರು. ಅವರ ಬೆರಳು ನನ್ನ ತಲೆಯ ಮೇಲೆ ನಿಂತಿತು. "ಸಾವಿ ಎಲ್ಲಿ ಅದಾಳ?"

ನನಗೆ ಆಗಲೇ ಗೊತ್ತಾಗಿತ್ತು. ಆದರೂ ಹುಡುಕುವವಳಂತೆ ಅವರ ಹಿಂದೆ ತಿರುಗಿದೆ. ಅವರು ಹಾಲ್‌ನ ಹಿಂದೆ ನೋಡಿದರು, ನಳದ ಹತ್ತಿರ ನೋಡಿದರು. ಹೆದ್ದಾರಿಯ ಅಂಚಿಗೆ ಓಡಿ ಎರಡೂ ಕಡೆ ನೋಡಿದರು. ಅದಿರು ಹೊತ್ತ ಒಂದು ಟ್ರಕ್ಕು ಹಾದುಹೋಗುವಾಗ ಅಕ್ಕೋರು ಕಣ್ಣು ಮುಚ್ಚಿಕೊಂಡದ್ದನ್ನು ಕಂಡೆ. ಆಗ ನಾನು ಬಾಯಿ ಬಿಟ್ಟೆ. "ನೀರಿಗೆ ಹೋಗ್ಯಾಳ್ರಿ."

ಅವರು ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಓಡಿದರು. ನಾನೂ ಹಿಂದೆಯೇ ಓಡಿದೆ.

ಫೆರ್ರಿ ನಿಲ್ಲುವ ಧಕ್ಕೆಯ ಪಕ್ಕದಲ್ಲಿ ಹಳೆಯ ಕಲ್ಲಿನ ಮೆಟ್ಟಿಲುಗಳಿದ್ದವು. ನೀರು ಏರುವ ಭರತಿಯ ಹೊತ್ತು, ಕೆಳಗಿನ ಮೆಟ್ಟಿಲು ಎಲ್ಲ ನೀರೊಳಗೆ. ಮೇಲಿನ ಮೆಟ್ಟಿಲ ಮೇಲೆ ಜೋಡಿಸಿಟ್ಟ ಸಾವಿಯ ಚಪ್ಪಲಿಗಳಿದ್ದವು. ಅವಳು ಮೊಣಕಾಲು ಮುಳುಗುವಷ್ಟು ಕೆಳಗೆ, ಎರಡೂ ಕೈ ಅಗಲಿಸಿ, ಪಾಚಿ ಹಿಡಿದ ಕಲ್ಲಿನ ಮೇಲೆ ನಿಂತಿದ್ದಳು. "ಗೋ ಚೆಡ್ವಾ, ಪಾಟಿಂ ಯೋ!" ಎಂದು ಫೆರ್ರಿಯ ಆಳೊಬ್ಬ ಹಿಂದೆ ಬಾ ಎಂದು ಕೊಂಕಣಿಯಲ್ಲಿ ಅರಚುತ್ತಿದ್ದ. ಅವನು ಅರಚಿದಷ್ಟೂ ಸಾವಿ ಗಾಬರಿಯಾಗಿ ತೂಗಾಡುತ್ತಿದ್ದಳು. ಹೊಳೆಯ ನಡುವೆ ಅದಿರು ತುಂಬಿದ ಬಾರ್ಜೊಂದು ಆಗಷ್ಟೇ ದಾಟಿತ್ತು. ಅದರ ಅಲೆ ದಡದ ಕಡೆ ಬರುತ್ತಿತ್ತು.

ಅಕ್ಕೋರು ಅವನಿಗೆ ಕೈ ಎತ್ತಿ ಸುಮ್ಮನಿರಿಸಿದರು. ಆಮೇಲೆ ಕಥೆ ಹೇಳುವ ಅದೇ ಸಣ್ಣ ದನಿಯಲ್ಲಿ, "ಸಾವೀ, ನಾ ಬಂದೇನಿ. ತಿರಗಬ್ಯಾಡ. ಹಂಗ ನಿಂದ್ರು," ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದರು. ಇನ್ನೆರಡು ಮೆಟ್ಟಿಲು ಇರುವಾಗ ಅಲೆ ಬಡಿಯಿತು. ಸಾವಿ ಇರಲಿಲ್ಲ. ಅಕ್ಕೋರು ಹಾಗೆಯೇ ನೀರಿಗೆ ಧುಮುಕಿದರು. ಬೆಟಗೇರಿಯ ಹೆಂಗಸು, ಈಜು ಕಂಡವರಲ್ಲ. ಒಂದು ಕ್ಷಣ ಇಬ್ಬರೂ ಕಾಣಲಿಲ್ಲ. ನಾನು ಅಲ್ಲಿಯೇ ಉಚ್ಚೆ ಹೊಯ್ದುಕೊಂಡೆ. ಆಮೇಲೆ ಅವರ ತಲೆ ಎದ್ದಿತು, ಮುಷ್ಟಿಯಲ್ಲಿ ಸಾವಿಯ ಜಡೆ ಇತ್ತು. ಫೆರ್ರಿಯ ಆಳು ಹಗ್ಗ ಎಸೆದು ಎಳೆದುಕೊಂಡ. ಚಿಪ್ಪು ಅಂಟಿದ ಕಲ್ಲಿಗೆ ತಾಗಿ ಅಕ್ಕೋರ ಕಣಕಾಲು ಉದ್ದಕ್ಕೆ ಸೀಳಿತ್ತು.

ಹಾಗೆಯೇ ಒದ್ದೆಯಲ್ಲಿ, ರಕ್ತ ಸೋರುವ ಕಾಲಿನಲ್ಲಿ, ಸಾವಿಯನ್ನು ಹೊತ್ತುಕೊಂಡು ಅವರು ನಮ್ಮ ಶೆಡ್ಡಿಗೆ ನಡೆದರು. ಅಲ್ಲಿ ಆಗಲೇ ಮಂದಿ ಸೇರಿತ್ತು. ಸುದ್ದಿ ಬೇರೆಯದೇ ಆಗಿ ಮುಟ್ಟಿ ಅಪ್ಪನೂ ಕೆಲಸ ಬಿಟ್ಟು ಓಡಿ ಬಂದಿದ್ದ. ಅಪ್ಪನ ಮುಕಾದಮ, ಕೂಲಿಯವರನ್ನು ಕರೆತಂದು ಕೆಲಸಕ್ಕೆ ಹಚ್ಚುವ ಭೀಮಪ್ಪ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ: "ನೋಡಿದ್ರಿಲ್ಲೋ? ನೀರಾಗ ಮುಳಗಸಿ ಜಾತಿ ಕೆಡಸ್ತಾರ ಅಂತ ನಾ ಮದ್ಲ ಹೇಳಿದ್ದೆ. ಹುಡುಗಿ ಹಣಿಮ್ಯಾಲೆ ಇಬತ್ತಿ ಐತೇನು ನೋಡ್ರಿ!"

ಇಬತ್ತಿ ಇರಲಿಲ್ಲ. ಹೊಳೆ ತೊಳೆದಿತ್ತು.

ಅಪ್ಪ ಸಾವಿಯನ್ನು ಅಕ್ಕೋರ ಕೈಯಿಂದ ಕಿತ್ತುಕೊಂಡ. "ಏನಾತು, ಖರೇ ಹೇಳು," ಎಂದು ನನ್ನನ್ನು ಕೇಳಿದ. ಹತ್ತಿಪ್ಪತ್ತು ಜನ ನನ್ನನ್ನು ನೋಡುತ್ತಿದ್ದರು. ನಾನು ನೆಲ ನೋಡಿದೆ.

"ಅಕಿನ್ನ ಏನ್ ಕೇಳ್ತೀ ತಮ್ಮಾ," ಎಂದರು ಅಕ್ಕೋರು. "ನಾ ನೀರಿನ ಕಥಿ ಹೇಳಿದ್ದೆ, ಸಣ್ಣ ಕೂಸಿಗೆ ಪೂರಾ ತಿಳಿಸಲಿಲ್ಲ. ನಡದ ನೋಡಾಕ ಹೋತು. ತಪ್ಪು ನಂದ."

"ಇನ್ನ ನಮ್ಮ ಬಾಗಲಕ್ಕ ಬರಬ್ಯಾಡ್ರಿ," ಎಂದ ಅಪ್ಪ. ಅಕ್ಕೋರು ತಲೆಯಾಡಿಸಿ ಕುಂಟುತ್ತ ಹೋದರು.

ಮುಂದಿನ ಮೂರು ಭಾನುವಾರ ಹಾಲಿಗೆ ಒಂದು ಮಗುವೂ ಹೋಗಲಿಲ್ಲ. ಕ್ರೈಸ್ತರ ಮನೆಯವರೂ ಹೆದರಿ ಕಳಿಸಲಿಲ್ಲ. ಎದುರಿನ ಮೋರಿ ಕಟ್ಟೆಯ ಮೇಲೆ ಭೀಮಪ್ಪನ ಮೂರ್ನಾಲ್ಕು ಜನ ಕೂತಿರುತ್ತಿದ್ದರು. ಗಲಾಟೆಯಾದರೆ ಜಾಗ ಖಾಲಿ ಮಾಡಿ ಎಂದು ಹಾಲ್‌ನ ಮಾಲೀಕ ಹೇಳಿದ ಸುದ್ದಿಯೂ ಬಂತು. ಆದರೂ ಎರಡಕ್ಕೆ ಅಕ್ಕೋರು ಬಾಗಿಲು ತೆರೆಯುತ್ತಿದ್ದರು. ಚಾಪೆ ಹಾಸಿ, ಬಾಗಿಲ ಕಡೆ ಮುಖ ಮಾಡಿ ಐದರವರೆಗೆ ಒಬ್ಬರೇ ಕೂತಿರುತ್ತಿದ್ದರು. ನೀರು ತರುವ ನೆಪದಲ್ಲಿ ನಾನು ಆ ದಾರಿಯಲ್ಲಿ ಹೋಗಿ ನೋಡುತ್ತಿದ್ದೆ.

ನಾಲ್ಕನೆಯ ಭಾನುವಾರ ಅಪ್ಪ ಶೆಡ್ಡಿಗೆ ಊಟಕ್ಕೆ ಬಂದಾಗ ಭೀಮಪ್ಪ ಒಂದು ಕಾಗದ ಬರೆಸಿಕೊಂಡು ಬಂದ. ಪೊಲೀಸರಿಗೆ ಕೊಡುವ ದೂರು. ಮಗುವನ್ನು ಬಲವಂತದಿಂದ ಹೊಳೆಯಲ್ಲಿ ಮುಳುಗಿಸಿದರು ಎಂದು ಬರೆದಿತ್ತು. "ನೀ ಕೂಸಿನ ಅಪ್ಪ, ಇಲ್ಲೆ ಸಹಿ ಹಾಕು," ಎಂದು ಪೆನ್ನು ಕೊಟ್ಟ. ಅಪ್ಪ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನು ಸಹಿ ಮಾಡುವುದು ನಿಧಾನ, ಒಂದೊಂದೇ ಅಕ್ಷರ. ಮೊದಲ ಅಕ್ಷರದ ಕೊಂಬು ತಿರುಗುತ್ತಿತ್ತು.

"ಅಪ್ಪಾ, ಬ್ಯಾಡ," ಎಂದೆ. "ಹೋಗಿ ನೋಡು ಅಂತ ಸಾವಿಗೆ ನಾನ ಹೇಳಿದ್ದೆ. ಅಕ್ಕೋರು ಹೇಳಿಲ್ಲ."

ಪೆನ್ನು ನಿಂತಿತು.

"ಅಕಿನ ಕಲಿಸಿ ಹೇಳಿಸ್ಯಾಳ," ಎಂದ ಭೀಮಪ್ಪ.

ಅಪ್ಪ ನನ್ನನ್ನೇ ನೋಡುತ್ತಿದ್ದ. "ಕಲಿಸಿದ ಮಾತಾಗಿದ್ರ ಹುಡುಗಿ ಹಿಂಗ ನಡಗತಿದ್ದಿಲ್ಲ ಭೀಮಪ್ಪಣ್ಣಾ," ಎಂದು ಕಾಗದ ಹರಿದ. ಮುಕಾದಮನ ಎದುರು ಹರಿದದ್ದು. ಮರುದಿನದಿಂದ ಅಪ್ಪನ ಕೆಲಸ ಹೋಗುತ್ತದೆಂದು ಅವ್ವನಿಗೂ ಗೊತ್ತಿತ್ತು, ಹೋಯಿತು ಕೂಡ. ಅಪ್ಪ ನನಗೆ ಹೊಡೆಯಲಿಲ್ಲ. ನಮ್ಮಿಬ್ಬರ ಕೈ ಹಿಡಿದು ಮೋರಿ ಕಟ್ಟೆಯ ಜನರ ಮುಂದಿನಿಂದಲೇ ನಡೆಸಿಕೊಂಡು ಹಾಲಿಗೆ ಹೋದ. ಬಾಗಿಲಲ್ಲಿ ನಿಂತ. ಅವನಿಂದ ಹೊರಟದ್ದು ಇಷ್ಟೇ: "ಐದಕ್ಕ ಬಿಡ್ತೀರೇನ್ರಿ?"

"ಐದಕ್ಕ ಬಿಡ್ತೇನಿ ತಮ್ಮಾ."

ಅವನು ಹೋದ ಮೇಲೆ ನಾನು ಅಳುತ್ತ ಎಲ್ಲ ಒಪ್ಪಿಕೊಂಡೆ. "ಗೊತ್ತೈತಿ," ಎಂದರು ಅಕ್ಕೋರು. "ನೀರಿನಿಂದ ಎದ್ದ ಕೂಡ್ಲೆ ಸಾವಿ ಹೇಳಿದ್ಲು."

"ಮತ್ತ ಯಾಕ ಅವತ್ತ ಹೇಳಲಿಲ್ರಿ?"

"ಅಷ್ಟೂ ಮಂದಿ ಸಿಟ್ಟಿಲೆ ನಿಂತಿದ್ರು. ಆ ಸಿಟ್ಟು ನಿನ್ನ ಮ್ಯಾಲೆ ಬೀಳ್ತಿತ್ತು. ನಂದು ದೊಡ್ಡ ಮೈ, ತಡೀತೈತಿ."

ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಅಲ್ಲ. ಅಪ್ಪನಿಗೆ ಕೆಪೆಯಲ್ಲಿ ಬೇರೆ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಕೆಲವು ವರ್ಷಗಳ ಮೇಲೆ ಅಕ್ಕೋರು ಉಬ್ಬಸ ಹೆಚ್ಚಾಗಿ ಊರಿಗೆ ಮರಳಿದರು. ಕ್ರಿಸ್ಮಸ್ಸಿಗೆ ನಾವು ಫೋನ್ ಮಾಡಿದಾಗಲೆಲ್ಲ ಅಪ್ಪ ಹತ್ತಿರ ಬಂದು ನಿಲ್ಲುತ್ತಿದ್ದ, ಫೋನ್ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ.

ಅಕ್ಕೋರು ತೀರಿಹೋದ ಸುದ್ದಿ ಎರಡು ದಿನ ತಡವಾಗಿ ಬಂತು. ನಾನೂ ಸಾವಿಯೂ ಹೊರಟಾಗ ಅಪ್ಪ ತಾನೂ ಬರುವೆನೆಂದು ಕೆಲಸದಿಂದ ನೇರ ಮಡಗಾಂವ್ ಸ್ಟೇಷನ್ನಿಗೆ ಬಂದಿದ್ದ. ಅಂಗಿಯ ತೋಳಿನಲ್ಲಿ ಇನ್ನೂ ಸಿಮೆಂಟ್ ಇತ್ತು. ಬೆಟಗೇರಿಯ ಮನೆಯಲ್ಲಿ ಅವರ ತಮ್ಮನ ಮಗಳು ಬಾಗಿಲು ತೆರೆದು, "ನೀವು ನಮ್ಮ ಅತ್ತಿಯವರಿಗೆ ಏನಾಗಬೇಕ್ರಿ?" ಎಂದು ಕೇಳಿದಳು. "ಅವರ ಐತವಾರದ ಸಾಲಿ ಹುಡುಗ್ಯಾರ್ರಿ," ಎಂದೆ.

ಸಂಜೆ ಅವಳೇ ನಮ್ಮನ್ನು ಸ್ಮಶಾನಕ್ಕೆ ಕರೆದೊಯ್ದಳು. ಮಣ್ಣು ಇನ್ನೂ ಹಸಿಯಿತ್ತು, ಮರದ ಶಿಲುಬೆಯ ಮೇಲೆ ಸುಣ್ಣದಲ್ಲಿ ಹೆಸರು ಬರೆದಿದ್ದರು. ಅಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋದ. "ಇಲ್ಲೆ ಏನಂತಾರವಾ ನೀಲಾ?" ಎಂದು ನನ್ನನ್ನು ಕೇಳಿದ. "ಏನ್ ಬೇಕಾದ್ರೂ ಅನ್ನಬಹುದಪ್ಪಾ," ಎಂದೆ.

ಅವನು ಕುಕ್ಕರಗಾಲಲ್ಲಿ ಕೂತ. ಮಣ್ಣು ಮುಟ್ಟಿ ಹೇಳಿದ: "ಅಕ್ಕೋರ, ಅವತ್ತ ನಾ ಮಂದಿ ಮಾತು ಕೇಳಿ ನಿಮ್ಮನ್ನ ಬಾಗಲದಿಂದ ಕಳಿಸಿದೆ. ತಪ್ಪಾತ್ರಿ."

ಸಾವಿ ಅವನ ಬೆನ್ನ ಮೇಲೆ ಕೈ ಇಟ್ಟಳು. ಗೋವಾಕ್ಕೆ ಹೋಗುವ ರೈಲಿಗೆ ಹೊತ್ತಾಗುತ್ತಿತ್ತು. ನಾವಿಬ್ಬರೂ ಅವನಿಗೆ ಏಳು ಎನ್ನಲಿಲ್ಲ.