ಅಣ್ಣನ ಮಾತ್ರೆ, ನನ್ನ ಮುಖ

ಅಣ್ಣ ಬಾಗಲಗುಂಟೆಯ ನಮ್ಮ ಮನೆಯಿಂದ ದಿನವೂ ಹೆಸರಘಟ್ಟದ ಕಡೆಯ ಗುಲಾಬಿ ತೋಟಕ್ಕೆ ಹೋಗುತ್ತಿದ್ದ. ಗಿಡಗಳಿಗೆ ಔಷಧಿ ಹೊಡೆಯುವುದು ಅವನ ಕೆಲಸ. ನಾವು ಅದನ್ನು ಔಷಧಿ ಎಂದೇ ಕರೆಯುತ್ತಿದ್ದೆವು. ಅದು ವಿಷ ಎಂಬುದು ಹುಳುಗಳಿಗೆ ಮಾತ್ರ ಗೊತ್ತಿತ್ತು. ಒಂದು ದಿನ ತಲೆ ಸುತ್ತಿ ತೋಟದಲ್ಲೇ ಕೂತುಬಿಟ್ಟ. ಜಾಲಹಳ್ಳಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಈ ವಿಷ ರಕ್ತದ ಕಣಗಳನ್ನ ಒಳಗೊಳಗೇ ಹಾಳು ಮಾಡುತ್ತೆ. ಸಿ ವಿಟಮಿನ್ನು, ಇ ವಿಟಮಿನ್ನು ಅದನ್ನ ಸ್ವಲ್ಪ ತಡೆಯುತ್ತೆ, ಅಷ್ಟೇ. ಮೊದಲು ಮಾಸ್ಕ್ ಹಾಕ್ಕೊಳ್ಳಿ" ಎಂದರು. ಮಾತ್ರೆ ಕೊಡುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ಸಿ ಮಾತ್ರೆ ಕಿತ್ತಳೆ ಬಣ್ಣದ್ದು, ಚೀಪುವಂಥದ್ದು, ಹುಳಿಹುಳಿ ಸಿಹಿ. ರುಚಿ ನೋಡಿದೆ. ಆಮೇಲೆ ನೋಡುತ್ತಲೇ ಇದ್ದೆ. ಅಣ್ಣನ ಅಂಗೈಗೆ ಅದೇ ಬಣ್ಣದ ಪೆಪ್ಪರ್‌ಮೆಂಟು ಹಾಕತೊಡಗಿದೆ. ಇ ಮಾತ್ರೆಯದು ಬೇರೆ ಕತೆ. ಆ ತಿಂಗಳು ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆ ಮಾತ್ರೆಯನ್ನು ಪಿನ್ನಿನಿಂದ ಚುಚ್ಚಿ, ಒಳಗಿನ ಎಣ್ಣೆ ಹಚ್ಚಿದರೆ ಮುಖಕ್ಕೆ ಕಳೆ ಬರುತ್ತದೆ ಎಂದು ಬ್ಯೂಟಿ ಪಾರ್ಲರಿನವಳು ಹೇಳಿದ್ದಳು.

"ಇ ಮಾತ್ರೆ ಇನ್ ಸಾಕಂತೆ, ಡಾಕ್ಟರಮ್ಮ ನಿಲ್ಸೋಕೆ ಹೇಳವ್ರೆ ಕಣಣ್ಣ" ಎಂದೆ. ನಂಬಿದ.

ಒಂದು ಬೆಳಿಗ್ಗೆ ಅವನು ಮಾಸ್ಕನ್ನು ಗೋಡೆಯ ಮೊಳೆಯಲ್ಲೇ ಬಿಟ್ಟು ಬೈಕ್ ಹತ್ತಿದ.

"ಅಣ್ಣ, ಮಾಸ್ಕು?"

"ಅದ್ಯಾಕೆ? ಉಸ್ರು ಕಟ್ತದೆ. ದಿನಾ ಮಾತ್ರೆ ಚೀಪ್ತಿಲ್ವಾ, ರಕ್ತಕ್ಕೇನೂ ಆಗಲ್ಲ. ಒಂದ್ ವಾರದಿಂದ ಇಂಗೇ ಹೊಡೀತಾ ಇದೀನಿ."

ನನ್ನ ಬಾಯಲ್ಲಿದ್ದ ಸಿ ಮಾತ್ರೆ ಹಾಗೇ ಗಂಟಲಿಗಿಳಿಯಿತು. ವಾರವೆಲ್ಲ ಅವನನ್ನು ಕಾದದ್ದು ಪೆಪ್ಪರ್‌ಮೆಂಟು! ಬೈಕಿಗೆ ಅಡ್ಡ ನಿಂತು ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಅಣ್ಣ ನನ್ನ ಮುಖವನ್ನೇ ನೋಡಿದ. "ಅದ್ಕೇನಾ ಇಂಗೆ ಮಿರಮಿರ ಅಂತಿರೋದು? ಲೇ ಬಜಾರಿ, ನನ್ ರಕ್ತ ಇಟ್ಕೊಂಡು ಮೇಕಪ್ ಮಾಡ್ಕೊಂಡಿದೀಯಲ್ಲೇ!"

ಅವತ್ತೇ ಅವನನ್ನು ಜಾಲಹಳ್ಳಿಗೆ ಎಳೆದುಕೊಂಡು ಹೋದೆ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಇನ್ನಷ್ಟು ಕೆಟ್ಟಿರಲಿಲ್ಲ, ಸುಧಾರಿಸಿಯೂ ಇರಲಿಲ್ಲ.

"ಮಾತ್ರೆ ಸರಿಯಾಗಿ ತಗೊಂಡ್ರಾ?" ಎಂದು ಡಾಕ್ಟರಮ್ಮ ಕೇಳಿದರು.

"ಇವಳು ತಗೊಂಡವ್ಳೆ ಮೇಡಂ" ಎಂದ ಅಣ್ಣ.

ಡಾಕ್ಟರಮ್ಮ ಅವನಿಗೆ ಮಾಸ್ಕಿನ ವಿಷಯಕ್ಕೂ ನನಗೆ ಮಾತ್ರೆಯ ವಿಷಯಕ್ಕೂ ಚೆನ್ನಾಗಿ ಬೈದು, ಹೊಸ ಚೀಟಿ ಬರೆದರು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ. ಚೀಟಿ ನನ್ನ ಕೈಯನ್ನು ದಾಟಿ ಅಣ್ಣನ ಜೇಬಿಗೆ ಹೋಯಿತು.