ಐವತ್ತೆಂಟರ ಗಾಳಿ

ಕೋಲಿನಿಂದ ಚೆಂಡು ಹೊಡೆದಾಡುವ ಹರ್ಲಿಂಗ್ ಆಟದ ನಮ್ಮೂರ ಕ್ಲಬ್ಬಿನ ಚರಿತ್ರೆಯೆಲ್ಲ ಮುದುಕ ಮ್ಯಾಲಕಿ ಟೂಹಿಯ ಬಾಯಲ್ಲಿದೆ. ಭಾನುವಾರ ಚರ್ಚಿನ ಪೂಜೆ ಮುಗಿಯುತ್ತಲೇ ಕ್ಲಬ್ಬಿಗೆ ಬಂದು, ಹಳೆಯ ಆಟದ ಕೋಲನ್ನು ಮಂಡಿಯ ಮೇಲಿಟ್ಟುಕೊಂಡು, ಮುಂದಿಟ್ಟ ಚಹಾ ಆರಿಹೋಗುವವರೆಗೂ ಹೇಳುತ್ತಾನೆ. ಕೇಳಲು ಬಂದವರ ಅಜ್ಜಂದಿರೆಲ್ಲ ಅವನ ಲೆಕ್ಕದಲ್ಲಿ ಗೋಲು ಹೊಡೆದವರೇ. ಹಾಗೆ ನೋಡಿದರೆ ನಮ್ಮ ತಂಡದಲ್ಲಿ ಹದಿನೈದಲ್ಲ, ನಲವತ್ತು ಮಂದಿ ಆಡಿರಬೇಕು. "ನಿಮ್ಮಜ್ಜ ಕಣಯ್ಯಾ! ಅವನು ಓಡಿದ್ರೆ ಮೊಲಾನೂ ಹಿಂದೆ ಬೀಳ್ತಿತ್ತು!" ಒಂದೇ ಅಂಕದಿಂದ ಸೋತ ಐವತ್ತೆಂಟನೇ ಇಸವಿಯ ಫೈನಲ್ ಪಂದ್ಯದ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. "ಕೊನೇ ಹೊಡೆತ ತಪ್ಪಿಸಿದ್ದು ಯಾರು ತಾತಾ?" ಎಂದು ಕೇಳಿದರೆ, "ಯಾರೂ ಅಲ್ಲ ಮಾರಾಯ, ಹಾಳಾದ ಗಾಳಿ! ಚೆಂಡನ್ನ ಎತ್ಕೊಂಡೇ ಹೋಯ್ತು" ಎನ್ನುತ್ತಾನೆ. ಅಂದು ಆ ಹೊಡೆತ ಹೊಡೆದ ಫಿಂಟನ್, ಬಾಗಿಲ ಬಳಿ ತಲೆತಗ್ಗಿಸಿ ಕೂತವನು, ಆಗ ತಲೆಯೆತ್ತಿ ತನ್ನ ಚಹಾ ಕುಡಿಯುತ್ತಾನೆ. ನಾನೂ ಆ ದಿನ ಮೈದಾನದಲ್ಲಿದ್ದೆ. ಒಂದು ಎಲೆಯೂ ಅಲುಗಿರಲಿಲ್ಲ.